ಆರ್ಕಿ: ಕೆಲವು ಕಾಫಿ ಸೀಸನ್ ಬಳಸಿದ ಮೇಲೆ

ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆ) ಐಟಿ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಕೆಲಸಕ್ಕೆ ಯಾವ ಸಾಫ್ಟ್‌ವೇರ್, ಅದು ಯಾವ ಸರ್ವರ್ ಮೇಲೆ ಓಡುತ್ತದೆ ಎಂಬ ನಕ್ಷೆಯನ್ನು ಆರ್ಕಿ ಎಂಬ ಸಾಫ್ಟ್‌ವೇರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಆರ್ಕಿ ಉಚಿತ. ಆರ್ಕಿಮೇಟ್ ಎಂಬ ಮಾಡೆಲಿಂಗ್ ಭಾಷೆಗೆಂದೇ ಮಾಡಿದ್ದು, ಅಂದರೆ ಇಂಥ ನಕ್ಷೆಗಳನ್ನು ಬರೆಯುವ ನಿಯಮಗಳು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ.

ಒಂದೊಂದು ಕೆಲಸಕ್ಕೆ, ಸಾಫ್ಟ್‌ವೇರ್‌ಗೆ ಒಂದೊಂದು ಪೆಟ್ಟಿಗೆಯ ಚಿತ್ರ ಹಾಕಲು ಇಷ್ಟೆಲ್ಲ ಬೇಕಿಲ್ಲ, ಪವರ್‌ಪಾಯಿಂಟ್ ಸಾಕು. ನನಗೆ ಆರ್ಕಿ ಬೇಕಾಗಿದ್ದು ನಡುವಿನ ಗೆರೆಗಳಿಗಾಗಿ. ಇಲ್ಲಿ ಪ್ರತಿ ಗೆರೆಗೂ ಅದು ಯಾವ ಬಗೆಯದು ಎಂದು ಹೇಳಲೇಬೇಕು. ಆರ್ಕಿಮೇಟ್ 3ರಲ್ಲಿ ಅಂಥ 11 ಬಗೆಗಳಿವೆ.

ನಮ್ಮಲ್ಲಿ ಲಾರಿಯಲ್ಲಿ ಚೆರಿ ಕಾಫಿ ಬರುತ್ತದೆ. ವೇಬ್ರಿಡ್ಜ್‌ನಲ್ಲಿ ತೂಕ, ಆಮೇಲೆ ಸ್ಯಾಂಪಲ್ ತೆಗೆದು ಔಟ್‌ಟರ್ನ್ (ಸಿಪ್ಪೆ ಹೋದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುತ್ತಾರೆ, ಕೊನೆಗೆ ಬಿಲ್. ಯಾರನ್ನು ಕೇಳಿದರೂ 'ಎಲ್ಲ ಲಿಂಕ್ ಇದೆ ಸಾರ್' ಎನ್ನುತ್ತಾರೆ. ಎಂಥಾ ಲಿಂಕ್? ತೂಕ ಮುಗಿದರೆ ಸ್ಯಾಂಪಲ್ ಕೆಲಸ ಶುರುವಾಗುತ್ತದೆ, ಅದು ಟ್ರಿಗರಿಂಗ್. ಔಟ್‌ಟರ್ನ್ ಅಂಕಿ ಬಿಲ್ಲಿಂಗ್‌ಗೆ ಹೋಗುತ್ತದೆ, ಅದು ಫ್ಲೋ. ತೂಕದ ಸಾಫ್ಟ್‌ವೇರ್ ದಾಖಲೆ ಬರೆಯುತ್ತದೆ, ಬಿಲ್ಲಿಂಗ್ ಅದನ್ನು ಓದುತ್ತದೆ, ಎರಡೂ ಆಕ್ಸೆಸ್. ಆ ಸಾಫ್ಟ್‌ವೇರ್ ತೂಕ ಹಾಕುವ ಕೆಲಸಕ್ಕೆ ನೆರವಾಗುವುದು ಸರ್ವಿಂಗ್. ಔಟ್‌ಟರ್ನ್‌ನಿಂದ ಬಿಲ್ಲಿಂಗ್‌ಗೆ ಫ್ಲೋ ಎಳೆಯುವ ಮುಂಚೆ 'ಹೋಗುವುದು ಹೇಗೆ?' ಎಂದು ಕೇಳಿದೆ. ಮ್ಯಾನೇಜರ್ ತಾನಾಗಿಯೇ ಹೋಗುತ್ತದೆ ಎಂದುಕೊಂಡಿದ್ದರು. ನೋಡಿದರೆ ಗುಮಾಸ್ತರೊಬ್ಬರು ರಿಜಿಸ್ಟರ್ ನೋಡಿ ಟೈಪ್ ಮಾಡುತ್ತಿದ್ದರು! ಬಿಲ್ ತಡವಾಗುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು.

ಸರ್ವಿಂಗ್ ಬಾಣದ ದಿಕ್ಕು ಹೊಸಬರಿಗೆ ತಲೆನೋವು. ಸೇವೆ ಪಡೆಯುವವರ ಕಡೆಗೆ ಬಾಣದ ತುದಿ ಇರಬೇಕು. ಪ್ರೋಗ್ರಾಮರ್‌ಗಳಿಗೆ ಕರೆಯುವ ಕಡೆಯಿಂದ ಬಾಣ ಹಾಕಿ ಅಭ್ಯಾಸ, ಹಾಗಾಗಿ ಉಲ್ಟಾ ಆಗುತ್ತದೆ. ಎರಡು ಅಪ್ಲಿಕೇಶನ್‌ಗಳ ನಡುವೆ ಎರಡೂ ದಿಕ್ಕು ನಿಯಮದ ಪ್ರಕಾರ ಸರಿಯೇ. ಹಾಗಾಗಿ ಆರ್ಕಿ ಸುಮ್ಮನಿರುತ್ತದೆ. ಅದು ನೋಡುವುದು ವ್ಯಾಕರಣ ಮಾತ್ರ, ನಿಜ ಸುಳ್ಳು ನಾವೇ ನೋಡಬೇಕು.

ಮ್ಯಾಜಿಕ್ ಕನೆಕ್ಟರ್ ನನಗೆ ಬಹಳ ಇಷ್ಟ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಎಳೆದರೆ ಆ ಎರಡರ ನಡುವೆ ಒಪ್ಪುವ ಬಗೆಗಳನ್ನಷ್ಟೇ ತೋರಿಸುತ್ತದೆ. ಆದರೆ ಅಸೋಸಿಯೇಶನ್, ಅಂದರೆ 'ಏನೋ ಸಂಬಂಧ ಇದೆ' ಎಂದಷ್ಟೇ ಹೇಳುವ ಬಗೆ, ಎಲ್ಲ ಕಡೆಯೂ ಒಪ್ಪುತ್ತದೆ. ಯೋಚನೆ ಮಾಡಲು ಬೇಜಾರಾದವರು ಅದನ್ನೇ ಒತ್ತಿ ಮುಂದೆ ಹೋಗುತ್ತಾರೆ. ಆರ್ಕಿಯಲ್ಲಿ ತಪ್ಪು ಹುಡುಕುವ ವ್ಯಾಲಿಡೇಟರ್ ಕೂಡ ಇದಕ್ಕೆ ಗದರುವುದಿಲ್ಲ. ಅಸೋಸಿಯೇಶನ್ ಹಾಕಿದರೆ ಮೇಲೆ ಹೆಸರು ಬರೆಯಲೇಬೇಕು ಎಂದು ನಮ್ಮಲ್ಲಿ ನಿಯಮ ಮಾಡಿದ್ದೇವೆ. ಅಂಥ ಗೆರೆಗಳು ಅರ್ಧಕ್ಕರ್ಧ ಕಡಿಮೆಯಾದವು.

ಹನ್ನೆರಡನೆಯ ಬಗೆ ಬೇಕೆಂದರೆ? ಆಗುವುದಿಲ್ಲ. ಮೊದಲು ಇದು ಕಿರಿಕಿರಿ ಅನಿಸಿತ್ತು, ಈಗ ಒಳ್ಳೆಯದೇ ಅನಿಸುತ್ತದೆ. ಇರುವ ಬಗೆಯ ಒಳಗೇ ಸ್ಪೆಶಲೈಸೇಶನ್, ಅಂದರೆ ನಮ್ಮದೇ ಹೆಸರಿನ ಒಳಬಗೆ, ಮಾಡಿಕೊಳ್ಳಬಹುದು. ನಾನು ಫ್ಲೋ ಕೆಳಗೆ 'ರಿಜಿಸ್ಟರ್', 'ವಾಟ್ಸಾಪ್', 'ಎಪಿಐ' (ಸಾಫ್ಟ್‌ವೇರ್‌ನಿಂದ ಸಾಫ್ಟ್‌ವೇರ್‌ಗೆ ನೇರವಾಗಿ ಹೋಗುವುದು) ಎಂದು ಮಾಡಿಕೊಂಡಿದ್ದೇನೆ. ಲೇಬಲ್‌ನಲ್ಲಿ ಅದೇ ಹೆಸರು ಬರುವ ಹಾಗೆ ಇಟ್ಟರೆ, ಯಾವ ಮಾಹಿತಿ ಇನ್ನೂ ವಾಟ್ಸಾಪ್‌ನಲ್ಲೇ ಓಡಾಡುತ್ತಿದೆ ಎಂದು ನಕ್ಷೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಜಾಸ್ತಿಯೇ ಇದೆ ಬಿಡಿ.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಗೆರೆ ಅಳಿಸಿದರೆ ಮಾಡೆಲ್‌ನಿಂದ, ಅಂದರೆ ಎಲ್ಲ ನಕ್ಷೆಗಳ ಹಿಂದಿರುವ ಮೂಲ ಸಂಗ್ರಹದಿಂದ, ಅದು ಹೋಗುವುದಿಲ್ಲ. ಅದೇ ಎರಡು ಪೆಟ್ಟಿಗೆಗಳನ್ನು ಮಾಡೆಲ್ ಪಟ್ಟಿಯಿಂದ ಬೇರೆ ನಕ್ಷೆಗೆ ಎಳೆದು ತಂದರೆ ಗೆರೆಯೂ ಜೊತೆಗೆ ಬರುತ್ತದೆ. ಪೂರ್ತಿ ತೆಗೆಯಲು 'ಡಿಲೀಟ್ ಫ್ರಮ್ ಮಾಡೆಲ್' ಬೇಕು.

ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್ ಎರಡನ್ನೂ ನಂಬುವ ಹಾಗಿಲ್ಲ ಅಲ್ವಾ? ಆರ್ಕಿಗೆ ನೆಟ್ ಬೇಡ, ಎಲ್ಲ ಒಂದೇ ಫೈಲಿನಲ್ಲಿ ಇರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಕೆಲಸ ಸಾಗುತ್ತದೆ. ಒಂದೇ ಮಾಡೆಲ್ ಮೇಲೆ ಹಲವರು ಕೂರಬೇಕಾದರೆ ಕೋಆರ್ಕಿ ಪ್ಲಗಿನ್ ಇದೆ, ಅದು ಗಿಟ್ (ಯಾರು ಏನು ಬದಲಿಸಿದರು ಎಂದು ದಾಖಲಿಸಿ ಒಟ್ಟುಗೂಡಿಸುವ ವ್ಯವಸ್ಥೆ) ಮೇಲೆ ನಡೆಯುತ್ತದೆ. ಇಬ್ಬರು ಒಂದೇ ಗೆರೆ ಬದಲಿಸಿದರೆ ಯಾರದ್ದು ಉಳಿಯಬೇಕು ಎಂದು ಕೇಳುತ್ತದೆ. ಗಿಟ್ ಗೊತ್ತಿಲ್ಲದವರಿಗೆ ಅಲ್ಲಿ ಸ್ವಲ್ಪ ಗಾಬರಿ ಆಗಬಹುದು, ಒಬ್ಬರು ಪಕ್ಕದಲ್ಲಿ ಕೂತು ತೋರಿಸಿಕೊಟ್ಟರೆ ಒಳ್ಳೆಯದು.