ಅಪ್ಪನ ದಾರಿ, ಪೊಟ್ಟಣದ ಯೀಸ್ಟ್, ತೋಟದ ಹೆಪ್ಪು

ಅಪ್ಪ ದ್ರಾಕ್ಷಿ ತೋಟವನ್ನು ನನ್ನ ಕೈಗೆ ಕೊಟ್ಟ ಮೇಲೆ ನಮ್ಮಿಬ್ಬರಿಗೂ ಮೊದಲು ಶುರುವಾದ ಜಗಳ ವೈನ್ ಮಾಡುವ ಯೀಸ್ಟ್‌ನದು. ಅವರು ಯಾವತ್ತೂ ಪೊಟ್ಟಣದ ಯೀಸ್ಟ್ ಹಾಕಿದವರಲ್ಲ. ಹಣ್ಣು ಹಿಸುಕಿ ಟ್ಯಾಂಕಿಗೆ ಬಿಟ್ಟರೆ ಆಯ್ತು, ರಸ ತಾನಾಗಿ ಉಕ್ಕುತ್ತಿತ್ತು. ಓದಿ ಬಂದ ನನಗೆ ಅಷ್ಟು ಧೈರ್ಯ ಇಲ್ಲ. ವಾದ ಮಾಡುವುದಕ್ಕಿಂತ ಮಾಡಿ ನೋಡೋಣ ಅಂತ, ಒಂದೇ ದಿನ ಕೊಯ್ದ ಕೆಂಪು ದ್ರಾಕ್ಷಿಯನ್ನು ಮೂರು ಟ್ಯಾಂಕಿಗೆ ಹಂಚಿದೆ: ಒಂದು ಪೊಟ್ಟಣದ ಯೀಸ್ಟ್‌ಗೆ, ಒಂದು ಅಪ್ಪನ ದಾರಿಗೆ, ಒಂದು ತೋಟದ ಹೆಪ್ಪಿಗೆ. ಮೂರರಲ್ಲೂ ಸಿಹಿ 24 ಬ್ರಿಕ್ಸ್ ಆಸುಪಾಸು, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ.

ಪೊಟ್ಟಣದ್ದರ ಬಗ್ಗೆ ಹೇಳುವುದು ಕಡಿಮೆ. ನಾನು ಬಳಸಿದ್ದು ಇಸಿ 1118. ಶೇಕಡ 18ರವರೆಗೆ ಆಲ್ಕೋಹಾಲ್ ತಡೆದುಕೊಳ್ಳುವ ಗಟ್ಟಿ ತಳಿ. ಸಾವಿರ ಲೀಟರಿಗೆ 250 ಗ್ರಾಂ ಸಾಕು. 35ರಿಂದ 40 ಡಿಗ್ರಿ ಬಿಸಿಯ ನೀರಿನಲ್ಲಿ ನೆನೆಸಿ, ಸ್ವಲ್ಪ ಸ್ವಲ್ಪ ರಸ ಸೇರಿಸುತ್ತಾ ತಣಿಸಬೇಕು. ಟ್ಯಾಂಕಿನ ರಸಕ್ಕೂ ಇದಕ್ಕೂ 10 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯೀಸ್ಟ್ ಸೊರಗುತ್ತದೆ. ಮಾರನೇ ದಿನವೇ ಸಿಪ್ಪೆ ಮೇಲೆದ್ದಿತು. ಸಕ್ಕರೆ ಪೂರ್ತಿ ಮುಗಿಯಿತು. ವೈನ್ ಶುಭ್ರ, ಹಣ್ಣಿನ ಪರಿಮಳ ನೇರ. ಆದರೆ ಒಂದು ಗುಟುಕಿನಲ್ಲೇ ಎಲ್ಲ ಹೇಳಿ ಮುಗಿಸಿಬಿಡುತ್ತದೆ.

ಅಪ್ಪನ ಟ್ಯಾಂಕ್ ಬೇರೆಯೇ ಕಥೆ. ಮೊದಲೆರಡು ದಿನ ಏನೂ ಇಲ್ಲ. ಆಮೇಲೆ ಮುಚ್ಚಳ ತೆಗೆದರೆ ಮೂಗಿಗೆ ನೈಲ್ ಪಾಲಿಶ್ ವಾಸನೆ! ಸಿಪ್ಪೆಯನ್ನು ಕೋಲಿನಿಂದ ಕೆಳಗೆ ಒತ್ತಿದಾಗ ಇನ್ನೂ ಜೋರು. ಅಪ್ಪ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಹಣ್ಣಿನ ಸಿಪ್ಪೆಯ ಮೇಲಿರುವ ಹಾನ್ಸೇನಿಯಾಸ್ಪೊರಾದಂಥ ಯೀಸ್ಟ್‌ಗಳು ಈಥೈಲ್ ಅಸಿಟೇಟ್ ಮಾಡುತ್ತವೆ, ಅದರದ್ದೇ ಈ ವಾಸನೆ. ಆಲ್ಕೋಹಾಲ್ ಏರುತ್ತಿದ್ದಂತೆ ಅವು ಸೋತು, ವೈನನ್ನು ಕೊನೆ ಮುಟ್ಟಿಸುವ ಯೀಸ್ಟ್ ಸ್ಯಾಕರೊಮೈಸಿಸ್ ಮೇಲುಗೈ ಪಡೆಯುತ್ತದೆ. ವಾಸನೆ ಬಹುಪಾಲು ಹೋಯಿತು, ಆದರೆ ಹುಳಿಯ ಒಂದು ಎಳೆ ಉಳಿಯಿತು. ಕೊನೆಯ ಸಕ್ಕರೆ ಕರಗಲು ನನ್ನ ತಾಳ್ಮೆಯೇ ಮುಗಿಯಿತು. ಬಾಯಲ್ಲಿ ಮಾತ್ರ ಇದೇ ತುಂಬಿಕೊಳ್ಳುತ್ತದೆ. ಪೊಟ್ಟಣದ ವೈನ್ ಪಕ್ಕದಲ್ಲಿಟ್ಟು ಕುಡಿದರೆ ಒಪ್ಪಿಕೊಳ್ಳದೆ ವಿಧಿಯಿಲ್ಲ.

‘ಇದು ನಮ್ಮ ತೋಟದ ಯೀಸ್ಟ್’ ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಒಡೆಯದ, ಆರೋಗ್ಯವಾದ ದ್ರಾಕ್ಷಿಯ ಮೇಲೆ ಸ್ಯಾಕರೊಮೈಸಿಸ್ ಸಿಗುವುದೇ ಅಪರೂಪ. ವರ್ಷಗಟ್ಟಲೆ ವೈನ್ ಮಾಡಿದ ಕೋಣೆಯ ಗೋಡೆ, ಹಿಂಡುವ ಯಂತ್ರ, ಪೈಪು, ಹಳೆಯ ಪೀಪಾಯಿ, ಅದರ ಮನೆ ಅಲ್ಲಿ. ಹಾಗಾಗಿ ಹಿರಿಯರಿಂದ ತೋಟ ಸಿಕ್ಕರೂ, ಹೊಸ ಕಟ್ಟಡದಲ್ಲಿ ಹೊಳೆಯುವ ಸ್ಟೀಲ್ ಟ್ಯಾಂಕ್ ಇಟ್ಟವರಿಗೆ ಅಪ್ಪನ ದಾರಿ ಅಪ್ಪನ ಫಲ ಕೊಡುತ್ತದೆ ಅಂತ ಖಾತ್ರಿ ಇಲ್ಲ. ತೋಟ ವಹಿಸಿಕೊಳ್ಳುವವರು ಬಳ್ಳಿ ಎಣಿಸುತ್ತಾರೆ, ಗೋಡೆ ಯಾರು ನೋಡುತ್ತಾರೆ?

ಮೂರನೆಯದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಕೊಯ್ಲಿಗೆ ಒಂದು ವಾರ ಮುಂಚೆ ಒಳ್ಳೆ ಗೊಂಚಲು ಆರಿಸಿ, ಬೇರೆ ಬೇರೆ ಬಕೆಟ್‌ಗಳಲ್ಲಿ ಹಿಸುಕಿ ಇಟ್ಟೆ. ದಿನಾ ಮೂಸಿ ನೋಡುವುದೇ ಕೆಲಸ. ಒಂದು ಬಕೆಟ್ ಅಂಟಿನ ವಾಸನೆ ಹೊಡೆಯಿತು, ಅದನ್ನು ಚೆಲ್ಲಿದೆ. ಚೆನ್ನಾಗಿ ಉಕ್ಕುತ್ತಿದ್ದದ್ದನ್ನು, ಸಿಹಿ ಹತ್ತು ಬ್ರಿಕ್ಸ್‌ನಷ್ಟು ಇಳಿದ ಮೇಲೆ ಟ್ಯಾಂಕಿಗೆ ಸುರಿದೆ. ಅಷ್ಟು ಇಳಿದರೆ ಆಲ್ಕೋಹಾಲ್ ಶೇಕಡ 5ರ ಹತ್ತಿರ ಬಂದಿರುತ್ತದೆ, ದುರ್ಬಲ ಯೀಸ್ಟ್‌ಗಳು ಅಷ್ಟರಲ್ಲಿ ಸೋತಿರುತ್ತವೆ. ಟ್ಯಾಂಕಿನ ಶೇಕಡ 3ರಷ್ಟು ಹಾಕಿದರೆ ಸಾಕಾಯ್ತು. ಪೊಟ್ಟಣದಷ್ಟು ಬೇಗ ಅಲ್ಲದಿದ್ದರೂ ನಿಲ್ಲದೆ ಓಡಿತು. ಅಪ್ಪನ ವೈನಿನ ಮೈ ಇದೆ, ಆ ಹುಳಿ ಎಳೆ ಇಲ್ಲ.

ಕೆಂಪು ವೈನಿಗೆ ಇನ್ನು ನನ್ನದು ಹೆಪ್ಪೇ. ಬಿಳಿ ವೈನಿಗೆ ಪೊಟ್ಟಣ. ಮಳೆ ಬಿದ್ದು ಹಣ್ಣು ಒಡೆದ ವರ್ಷವೂ ಪೊಟ್ಟಣವೇ, ಅದರಲ್ಲಿ ಅಪ್ಪನ ಮಾತು ಕೇಳುವುದಿಲ್ಲ. ಒಡೆದ ಹಣ್ಣಿನಲ್ಲಿ ವಿನೆಗರ್ ಬ್ಯಾಕ್ಟೀರಿಯಾ ಮೊದಲೇ ಸೇರಿಕೊಂಡಿರುತ್ತದೆ. ಇನ್ನೊಂದು, ಮೂರರಲ್ಲಿ ಯಾವುದನ್ನೇ ಆರಿಸಿದರೂ ರಸದಲ್ಲಿ ಯೀಸ್ಟ್‌ಗೆ ಆಹಾರವಾಗುವ ಸಾರಜನಕ ಎಷ್ಟಿದೆ ಅಂತ ಮೊದಲು ಪರೀಕ್ಷೆ ಮಾಡಿಸಿ. ಅದು ಕಡಿಮೆಯಾದರೆ ಕೊಳೆತ ಮೊಟ್ಟೆ ವಾಸನೆ ಬರುವ ಸಾಧ್ಯತೆ ಜಾಸ್ತಿ. ಅಪ್ಪನ ಟ್ಯಾಂಕನ್ನು ಪೂರ್ತಿ ಬಿಟ್ಟಿಲ್ಲ, ಚಿಕ್ಕದೊಂದು ಈಗಲೂ ಅವರ ಲೆಕ್ಕಕ್ಕೇ ಇದೆ.