ಹಂಪನಕಟ್ಟೆಯ ಪುಸ್ತಕದಂಗಡಿಯಲ್ಲಿ ಒಂದು ಕಪಾಟು

ಮಂಗಳೂರಿನ ಹಂಪನಕಟ್ಟೆಯ ಸಮೀಪ, ಮಹಡಿಯ ಮೇಲಿರುವ ಈ ಪುಸ್ತಕದಂಗಡಿಗೆ ಲೈಂಗಿಕ ಅಲ್ಪಸಂಖ್ಯಾತರ ನಾಟಕ, ಕವಿತೆಗಳನ್ನು ಹುಡುಕಿಕೊಂಡು ಮೂರು ಬಾರಿ ಹೋಗಿದ್ದೇನೆ. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿಯವರ ಆತ್ಮಕಥೆಯ ಕನ್ನಡ ಅನುವಾದ ‘ಬದುಕು ಬಯಲು’ ಮೊದಲ ದಿನವೇ ಸಿಕ್ಕಿತು. ಆದರೆ ಅದಿದ್ದದ್ದು ‘ಸಾಮಾಜಿಕ ಸಮಸ್ಯೆಗಳು’ ಎಂದು ಚೀಟಿ ಅಂಟಿಸಿದ ಕಪಾಟಿನಲ್ಲಿ, ಕುಡಿತ ಬಿಡಿಸುವ ಕೈಪಿಡಿಯೊಂದರ ಪಕ್ಕದಲ್ಲಿ. ನಾಟಕವಾಗಿ ರಂಗಕ್ಕೂ ಬಂದ ಈ ಬದುಕು, ಸರಿ ತಪ್ಪುಗಳನ್ನು ತೀರ್ಮಾನಿಸುವ ಮೊದಲು ತನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ ಎಂದು ಹಟ ಹಿಡಿಯುತ್ತದೆ. ಇಲ್ಲಿ ಪುಟ ತೆರೆಯುವುದಕ್ಕೂ ಮುಂಚೆ ಚೀಟಿಯೇ ತೀರ್ಪು ಕೊಟ್ಟುಬಿಟ್ಟಿತ್ತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆ ಸುದ್ದಿ ಕಪಾಟಿನವರೆಗೆ ಬಂದಿರಲಿಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ಬೆಳಗಿನವರೆಗೂ ಕುಳಿತು ತಲೆದೂಗುವ ಊರು ನಮ್ಮದು ಎಂಬುದೂ ಆಗ ನೆನಪಾಯಿತು.

ಕವಿತೆಗಳ ವಿಭಾಗ ತೀರ ಬಡವಾಗಿದೆ. ಕೇಳಿದ್ದರಲ್ಲಿ ಒಂದೂ ಇರಲಿಲ್ಲ. ಆದರೂ ಬರೆದುಕೊಟ್ಟ ಸಂಕಲನವನ್ನು ಎಂಟು ದಿನಗಳಲ್ಲಿ ತರಿಸಿಕೊಟ್ಟರು, ಮುಂಗಡ ಕೇಳಲಿಲ್ಲ, ಯಾರಿಗಾಗಿ ಎಂದೂ ವಿಚಾರಿಸಲಿಲ್ಲ. ಕೊಳ್ಳುವವರಲ್ಲಿ ಕೆಲವರಿಗೆ ಈ ಮೌನವೇ ದೊಡ್ಡ ಸೌಕರ್ಯ. ಕಿಟಕಿಯ ಬಳಿಯ ಸ್ಟೂಲಿನಲ್ಲಿ ಕುಳಿತು ಎಷ್ಟು ಹೊತ್ತು ಓದಿದರೂ ಎಬ್ಬಿಸುವವರಿಲ್ಲ. ಚೀಟಿಯ ವಿಷಯವನ್ನು ಮಾಲೀಕರಲ್ಲಿ ಪ್ರಸ್ತಾಪಿಸಿದಾಗ, “ಅದು ಹಿಂದಿನವರು ಅಂಟಿಸಿದ್ದು, ನಾನು ಗಮನಿಸಲೇ ಇಲ್ಲ ಮಾರಾಯ್ರೆ” ಎಂದರು. ಮೂರನೆಯ ಬಾರಿ ಹೋದಾಗ ಪುಸ್ತಕ ಆತ್ಮಕಥೆಗಳ ಸಾಲಿಗೆ ಬಂದಿತ್ತು. ಹಳೆಯ ಕಪಾಟಿನ ಮರದ ಮೇಲೆ ಗೋಂದಿನ ಕಲೆ ಮಾತ್ರ ಉಳಿದಿತ್ತು.