ಒಂಟಿತನದ ಕಥೆಗೆ ಯಾರು: ದಾಸ್ತೋವ್‌ಸ್ಕಿಯೋ, ತುರ್ಗೆನೆವೋ, ಚೆಕಾವೋ?

ರಷ್ಯನ್ನರ ಒಂಟಿತನ, ಒಮ್ಮುಖ ಪ್ರೀತಿ ಅಂದರೆ ಈಗ ಎಲ್ಲರೂ ಮೊದಲು ಕೊಳ್ಳುವುದು ದಾಸ್ತೋವ್‌ಸ್ಕಿಯ ‘ಬಿಳಿ ರಾತ್ರಿಗಳು’ (1848). ಪುಸ್ತಕ ತೆಳು, ಬೆಲೆ ಕಡಿಮೆ, ಕೊನೆಯ ಸಾಲಂತೂ ರೀಲ್‌ಗಳಲ್ಲಿ ಓಡಾಡುತ್ತಿದೆ. ಅದನ್ನು, ತುರ್ಗೆನೆವ್‌ನ ‘ಮೊದಲ ಪ್ರೇಮ’ (1860) ಮತ್ತು ಚೆಕಾವ್‌ನ ‘ಮುತ್ತು’ (1887) ಜೊತೆಗಿಟ್ಟು ಒಂದರ ಹಿಂದೊಂದು ಓದಿದರೆ ನನ್ನ ಓಟು ಚೆಕಾವ್‌ಗೇ. ಮೂರರಲ್ಲಿ ಅದೇ ಚಿಕ್ಕದು, ಅದೇ ಹೆಚ್ಚು ಕಾಡುವುದು.

‘ಬಿಳಿ ರಾತ್ರಿಗಳು’ ಕೊಂಡ ಬಹಳ ಮಂದಿ ಕೈಬಿಡುವುದು ಒಂದೇ ಜಾಗದಲ್ಲಿ: ‘ಎರಡನೇ ರಾತ್ರಿ’ ಎಂಬ ಅಧ್ಯಾಯದಲ್ಲಿ. ಮೊದಲ ರಾತ್ರಿ ಸಲೀಸು. ಎಂಟು ವರ್ಷದಿಂದ ಪೀಟರ್ಸ್‌ಬರ್ಗ್‌ನಲ್ಲಿದ್ದೂ ಒಬ್ಬ ಪರಿಚಯಸ್ಥನಿಲ್ಲದ 26ರ ಹುಡುಗ, ಬೀದಿಯ ಮನೆಗಳ ಜೊತೆಗೇ ಸ್ನೇಹ. ಕಾಲುವೆಯ ದಂಡೆಯಲ್ಲಿ ಅಳುತ್ತ ನಿಂತ 17ರ ನಾಸ್ತೆಂಕಾ. ಎರಡನೇ ರಾತ್ರಿ ಅವಳು ‘ನಿಮ್ಮ ಕಥೆ ಹೇಳಿ’ ಅನ್ನುತ್ತಾಳೆ. ಅವನು ತನ್ನನ್ನೇ ‘ನಮ್ಮ ನಾಯಕ’ ಎಂದು ಕರೆದುಕೊಂಡು, ಪುಟದ ಮೇಲೆ ಪುಟ ಉಸಿರು ಬಿಡದೆ ಮಾತಾಡುತ್ತಾನೆ.

ಕಷ್ಟ ಎಲ್ಲಿ ಅಂದರೆ, ಅವನ ಕನಸುಗಳೆಲ್ಲ ಹೆಸರುಗಳ ಪಟ್ಟಿ. ಹಾಫ್‌ಮನ್, ವಾಲ್ಟರ್ ಸ್ಕಾಟನ ನಾಯಕಿಯರು, ಬೆರೆಜಿನಾ ಕದನ, ಕ್ಲಿಯೋಪಾತ್ರ. 1840ರ ದಶಕದ ರಷ್ಯನ್ ಓದುಗನಿಗೆ ಅವು ಕೇಳಿದೊಡನೆ ಹೊಳೆಯುತ್ತಿದ್ದವು. ನಮಗೆ ಪ್ರತಿ ಹೆಸರಿಗೂ ಅಡಿಟಿಪ್ಪಣಿ ಬೇಕು, ಟಿಪ್ಪಣಿ ನೋಡಿ ಬರುವಷ್ಟರಲ್ಲಿ ಮಾತಿನ ಓಘ ಸತ್ತಿರುತ್ತದೆ. ಟಿಪ್ಪಣಿ ನೋಡಲೇಬೇಡಿ. ಇದು ಪುಸ್ತಕದಲ್ಲೇ ಬದುಕಿದವನ ಮಾತು ಅನ್ನುವುದಷ್ಟೇ ಗೊತ್ತಾದರೆ ಸಾಕು. ನಾಸ್ತೆಂಕಾ ಕೂಡ ಅದನ್ನೇ ಹೇಳುತ್ತಾಳೆ: ಪುಸ್ತಕ ಓದಿದ ಹಾಗೆ ಮಾತಾಡುತ್ತೀರಲ್ಲ, ಎಂದು.

ಅಷ್ಟಕ್ಕೂ ದಾಟಲಾಗದಿದ್ದರೆ ಮುಂದಿನ ‘ನಾಸ್ತೆಂಕಾಳ ಕಥೆ’ ಮೊದಲು ಓದಿ, ಆಮೇಲೆ ಹಿಂದಕ್ಕೆ ಬನ್ನಿ. ಕುರುಡು ಅಜ್ಜಿ ಮೊಮ್ಮಗಳ ಲಂಗವನ್ನು ತನ್ನ ಬಟ್ಟೆಗೆ ಪಿನ್ನು ಹಾಕಿ ಕೂರಿಸಿಕೊಂಡಿರುತ್ತಾಳೆ. ಹುಡುಗಿ ಕಿವುಡಿ ಕೆಲಸದವಳನ್ನು ತನ್ನ ಜಾಗದಲ್ಲಿ ಕೂರಿಸಿ ಜಾರಿಕೊಳ್ಳುತ್ತಾಳೆ. ಇದನ್ನು ಓದಿ ಮತ್ತೆ ಅವನ ಭಾಷಣಕ್ಕೆ ಬಂದರೆ, ಅವನಿಗೆ ಪಿನ್ನು ಹಾಕಿದವರು ಯಾರೂ ಇಲ್ಲ, ತಾನೇ ಹಾಕಿಕೊಂಡಿದ್ದಾನೆ ಎನ್ನುವುದು ಕಾಣುತ್ತದೆ. ಆದರೆ ಇಷ್ಟು ದುಡಿದ ಮೇಲೂ, ಪ್ರೀತಿ ಕೈತಪ್ಪಿದ ಬೆಳಿಗ್ಗೆ ಅವನು ಅವಳನ್ನು ಹರಸಿಬಿಡುತ್ತಾನೆ. ಆ ಹರಕೆ ಚೆಂದವಿದೆ, ನೋವನ್ನು ಸ್ವಲ್ಪ ಬೇಗನೇ ಮುಚ್ಚಿಬಿಡುತ್ತದೆ.

‘ಮೊದಲ ಪ್ರೇಮ’ದಲ್ಲಿ ತೊಡಕಿಲ್ಲ. 1833ರ ಬೇಸಿಗೆ, ಮಾಸ್ಕೋ, 16ರ ವ್ಲಾದಿಮಿರ್, 21ರ ಜಿನಾಯ್ದಾ. ಅವಳು ಪ್ರೀತಿಸುತ್ತಿರುವುದು ಇವನ ಅಪ್ಪನನ್ನು. ಅಪ್ಪ ಚಾವಟಿಯಿಂದ ಹೊಡೆದ ಕೆಂಪು ಬಾಸುಂಡೆಗೆ ಅವಳು ತಾನೇ ಮುತ್ತಿಡುವುದನ್ನು ಹುಡುಗ ಕದ್ದು ನೋಡುವ ದೃಶ್ಯವೊಂದಕ್ಕೇ ಇಡೀ ಪುಸ್ತಕ ಓದಬಹುದು. ಒಂಟಿತನ ಮಾತ್ರ ಕಡಿಮೆ. ಇದು ಹೊಟ್ಟೆಕಿಚ್ಚಿನ ಕಥೆ.

ಇನ್ನು ‘ಮುತ್ತು’. ರ‍್ಯಾಬೊವಿಚ್ ಫಿರಂಗಿ ದಳದ ಅಧಿಕಾರಿ. ಕುಳ್ಳ, ಕನ್ನಡಕ, ಬಾಗಿದ ಬೆನ್ನು. ಜನರಲ್ ಒಬ್ಬರ ಮನೆಯ ಚಹಾಕೂಟದಲ್ಲಿ ದಾರಿ ತಪ್ಪಿ ಕತ್ತಲ ಕೋಣೆಗೆ ಹೋಗುತ್ತಾನೆ. ಬೇರೆ ಯಾರಿಗೋ ಕಾಯುತ್ತಿದ್ದ ಹೆಂಗಸು ‘ಅಂತೂ ಬಂದೆಯಲ್ಲ’ ಎಂದು ಮುತ್ತಿಟ್ಟು, ತಪ್ಪು ಗೊತ್ತಾಗಿ ಚೀರಿ ಓಡುತ್ತಾಳೆ. ಎಡಗೆನ್ನೆಯ ಮೇಲೆ, ಮೀಸೆಯ ಪಕ್ಕ, ಪೆಪ್ಪರ್‌ಮಿಂಟ್ ತಾಗಿದ ಹಾಗೆ ತಣ್ಣಗೆ. ಅವಳ ಮುಖ ಇವನು ಕಂಡಿಲ್ಲ. ಊಟದ ಮೇಜಿನಲ್ಲಿ ಒಬ್ಬಳ ಭುಜ, ಇನ್ನೊಬ್ಬಳ ಕಣ್ಣು ತೆಗೆದು ಮನಸ್ಸಿನಲ್ಲೇ ಒಬ್ಬಳನ್ನು ಜೋಡಿಸಿಕೊಳ್ಳುತ್ತಾನೆ. ದಾಸ್ತೋವ್‌ಸ್ಕಿಯ ಕನಸುಗಾರನಿಗೆ ನಾಲ್ಕು ರಾತ್ರಿ, ಮಾತು, ಕೈಹಿಡಿದು ನಡೆದದ್ದು ಎಲ್ಲ ಇತ್ತು. ಇವನಿಗೆ ದಕ್ಕಿದ್ದು ಒಂದು ಕ್ಷಣ, ಅದೂ ಬೇರೆಯವನದು.

ನಡುವೆ ಫಿರಂಗಿಗಳ ಸಾಲು, ಕುದುರೆಗಳ ಕ್ರಮ ಎಂದು ಒಂದು ಉದ್ದದ ವಿವರಣೆ ಬರುತ್ತದೆ. ಅದನ್ನು ಬಿಟ್ಟು ಓದಬೇಡಿ. ದಿನದಿನವೂ ಅದನ್ನೇ ಕಂಡವನಿಗೆ ಆ ಕ್ಷಣ ಯಾಕೆ ಅಷ್ಟು ದೊಡ್ಡದು ಎನ್ನುವುದಕ್ಕೆ ಉತ್ತರ ಅಲ್ಲಿದೆ. ಗೆಳೆಯರಿಗೆ ಆ ಕಥೆ ಹೇಳಲು ಕೂತಾಗ ಒಂದೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಬೆಳಗಿನತನಕ ಹೇಳಬಹುದು ಅಂದುಕೊಂಡಿದ್ದವನು ತಾನೇ ಬೆಚ್ಚುತ್ತಾನೆ. ಒಂಟಿತನವನ್ನು ಇಷ್ಟು ಅಳತೆಯಲ್ಲಿ ಹಿಡಿದ ಇನ್ನೊಂದು ಜಾಗ ಈ ಮೂರರಲ್ಲಿ ಇಲ್ಲ.

ರಾತ್ರಿ ಊಟವಾದ ಮೇಲೆ ಒಂದು ಗಂಟೆ ಓದಿ ಮಲಗುವ ರೂಢಿ ನನ್ನದು; ಆ ಒಂದು ಗಂಟೆಗೆ ‘ಮುತ್ತು’ ಸರಿಯಾಗಿ ಕೂರುತ್ತದೆ. ದುಡ್ಡು ಕೊಡಬೇಕಾಗಿಲ್ಲ: ಕಾನ್‌ಸ್ಟೆನ್ಸ್ ಗಾರ್ನೆಟ್ ಮಾಡಿದ ಹಳೆಯ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿದೆ. ಕೊನೆಯ ಎರಡು ಪುಟ ನಿಧಾನಕ್ಕೆ ಓದಿ. ಆಗಸ್ಟ್ 31ರಂದು ದಳ ಅದೇ ಹಳ್ಳಿಗೆ ಮರಳುತ್ತದೆ. ರ‍್ಯಾಬೊವಿಚ್ ಹೊಳೆಯ ಬಳಿ ಹೋಗಿ ಒಣಹಾಕಿದ್ದ ಒದ್ದೆ ದುಪ್ಪಟಿ ಮುಟ್ಟಿನೋಡುತ್ತಾನೆ, ಒರಟು, ತಣ್ಣಗೆ. ಬಿಡಾರಕ್ಕೆ ಬಂದರೆ ಜನರಲ್ ಕರೆಸಿದರೆಂದು ಎಲ್ಲರೂ ಹೊರಟುಹೋಗಿದ್ದಾರೆ. ಅವನೊಬ್ಬ ಹೋಗುವುದಿಲ್ಲ, ಹಾಸಿಗೆಗೆ ಒರಗುತ್ತಾನೆ.